ಹೊನ್ನಾವರ: ಮೆಣಸು ಇಳಿದ ದಾರಿಯಲ್ಲೇ ನೀವೂ ಇಳಿದು ಬನ್ನಿ

ಓದುಗರ ಪ್ರಶ್ನೆ: ನಾವು ಶಿವಮೊಗ್ಗದವರು. ಡಿಸೆಂಬರ್ ರಜೆಯಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳ ಜೊತೆ ಕಾರಿನಲ್ಲಿ ಮುರ್ಡೇಶ್ವರಕ್ಕೆ ಹೊರಟಿದ್ದೇವೆ. ದಾರಿಯಲ್ಲಿ ಹೊನ್ನಾವರದಲ್ಲಿ ಒಂದು ದಿನ ಉಳಿಯೋಣ ಅಂತ ನನ್ನ ಆಸೆ. "ಅಲ್ಲೇನಿದೆ? ಟೀ ಕುಡಿದು ಮುಂದೆ ಹೋಗೋ ಊರು ಅದು" ಅಂತಾರೆ ಮನೆಯವರು. ನಿಜವಾಗಿ ನೋಡುವಂಥದ್ದು ಏನಾದರೂ ಇದೆಯೇ? ಮೆಣಸಿನ ರಾಣಿ ಅಂತ ಹೇಳ್ತಾರಲ್ಲ, ಅದು ಇತಿಹಾಸವೋ ಕಟ್ಟುಕತೆಯೋ?

ಉತ್ತರ: ನಿಮ್ಮ ಮನೆಯವರ ಮೇಲೆ ಕೋಪ ಬೇಡ. ಹೆದ್ದಾರಿ 66ರಲ್ಲಿ ಹೋಗುವ ನೂರಕ್ಕೆ ತೊಂಬತ್ತು ಜನರಿಗೆ ಹೊನ್ನಾವರ ಅಂದರೆ ಒಂದು ಸರ್ಕಲ್, ಒಂದು ಉದ್ದ ಸೇತುವೆ, ಅಷ್ಟೇ. ಊರೊಳಗೆ ಕೋಟೆ ಹುಡುಕಿಕೊಂಡು ಹೋದರೂ ಹೇಳಿಕೊಳ್ಳುವಂಥದ್ದು ಸಿಗುವುದಿಲ್ಲ. ಈ ಊರು ಅರ್ಥವಾಗಬೇಕಾದರೆ ಹೊಳೆಯನ್ನು ನೋಡಬೇಕು. ಶರಾವತಿ ಘಟ್ಟ ಇಳಿದು, ಬಯಲಿಗೆ ಬಂದು, ಕಡಲು ಸೇರುವ ಬಾಯಿಯಲ್ಲಿ ಊರಿದೆ. ಆ ಬಾಯಿಗೆ ಕರಾವಳಿಯಲ್ಲಿ ಅಳಿವೆ ಅಂತಾರೆ. ಹೊನ್ನಾವರದ ಕತೆಯೆಲ್ಲ ಹುಟ್ಟಿದ್ದು ಈ ಅಳಿವೆಯಿಂದಲೇ.

ನಿಮ್ಮ ಅದೃಷ್ಟ ಏನೆಂದರೆ ನೀವು ಶಿವಮೊಗ್ಗದಿಂದ ಬರುತ್ತಿದ್ದೀರಿ. ಸಾಗರ, ತಾಳಗುಪ್ಪ, ಆಮೇಲೆ ಗೇರುಸೊಪ್ಪೆ ಘಾಟಿ. ನಾನೂರು ಐನೂರು ವರ್ಷದ ಹಿಂದೆ ಮಲೆನಾಡಿನ ಮೆಣಸು ಎತ್ತಿನ ಬೆನ್ನ ಮೇಲೆ ಘಟ್ಟ ಇಳಿಯುತ್ತಿದ್ದದ್ದೂ ಈ ಸೀಮೆಯಲ್ಲೇ. ಗೇರುಸೊಪ್ಪೆಗೆ ಬಂದು ಹೇರು ಇಳಿಸಿದರೆ ಮುಂದಿನದು ದೋಣಿಯ ಕೆಲಸ. ಅಲ್ಲಿಂದ ಹೊನ್ನಾವರಕ್ಕೆ ಸುಮಾರು 30 ಕಿ.ಮೀ. ಹೊಳೆ. ಅಳಿವೆಯಲ್ಲಿ ಹಡಗು ಕಾಯುತ್ತಿರುತ್ತಿತ್ತು. ಹಾಗಾಗಿ ನನ್ನ ಸಲಹೆ ಇಷ್ಟು: ಹೊನ್ನಾವರವನ್ನು ಹೊನ್ನಾವರದಲ್ಲಿ ಶುರು ಮಾಡಬೇಡಿ, ಗೇರುಸೊಪ್ಪೆಯಲ್ಲಿ ಶುರು ಮಾಡಿ.

ಘಾಟಿ ಇಳಿದ ಮೇಲೆ ಹೊಳೆಯ ಆಚೆ ದಡದಲ್ಲಿ ನಗರಬಸ್ತಿಕೇರಿ ಅಂತ ಊರು. ಬಸ್ತಿ ಅಂದರೆ ಜೈನರ ಬಸದಿ. ಹೆಸರಿನಲ್ಲಿ 'ನಗರ' ಇದೆ, ಹೋಗಿ ನೋಡಿದರೆ ಕಾಡು! ಆ ಕಾಡಿನೊಳಗೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಒಂದೊಂದು ಬಾಗಿಲು. ಯಾವ ಬಾಗಿಲಿನಿಂದ ಒಳಗೆ ಹೋದರೂ ಎದುರಿಗೆ ಒಬ್ಬ ತೀರ್ಥಂಕರ ಕೂತಿರುತ್ತಾರೆ. ನಾಲ್ವರೂ ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗೆ. ಮಕ್ಕಳಿಗೆ ಏನೂ ಹೇಳದೆ ಸುಮ್ನೆ ಒಂದು ಸುತ್ತು ಹಾಕಿ ಬರಲು ಬಿಡಿ. ಮೂರನೇ ಬಾಗಿಲಿಗೆ ಬರುವ ಹೊತ್ತಿಗೆ ಅವರೇ ಓಡಿ ಬಂದು ನಿಮಗೆ ಹೇಳುತ್ತಾರೆ. ಒಳಗೆ ಕತ್ತಲು, ತಣ್ಣನೆಯ ಕಲ್ಲು, ಬಾವಲಿ ವಾಸನೆ. ಹೊರಗೆ ಒಣಗಿದ ಎಲೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಾನು ಮೊದಲ ಸಲ ಹೋಗಿದ್ದು ಜುಲೈನಲ್ಲಿ. ಬಸದಿಗಿಂತ ಜಾಸ್ತಿ ಹೊತ್ತು ಕಾಲಿನ ಉಂಬಳ, ಅಂದರೆ ಜಿಗಣೆ, ನೋಡುವುದರಲ್ಲೇ ಹೋಯಿತು. ಡಿಸೆಂಬರ್‌ನಲ್ಲಿ ಆ ಕಾಟ ಇಲ್ಲ. ಹತ್ತಿರದಲ್ಲೇ ಜ್ವಾಲಾಮಾಲಿನಿ ಅಮ್ಮನವರ ಬಸದಿ ಇದೆ. ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ.

ಈ ಗೇರುಸೊಪ್ಪೆಯೇ ಆಗ ನಗಿರೆ ರಾಜ್ಯದ ರಾಜಧಾನಿ. ಆಳುತ್ತಿದ್ದವರು ಸಾಳುವ ಮನೆತನದ ಜೈನ ಅರಸರು. ನಿಮ್ಮ ಮೆಣಸಿನ ರಾಣಿ ಚೆನ್ನಭೈರಾದೇವಿ ಇದೇ ಮನೆತನದವಳು. ಕಟ್ಟುಕತೆ ಅಲ್ಲ, ಖಂಡಿತ ಇದ್ದವಳು. 1552ರಿಂದ 1606ರವರೆಗೆ, 54 ವರ್ಷ ಆಳಿದಳು ಅಂತ ಲೆಕ್ಕ. ನಮ್ಮ ದೇಶದಲ್ಲಿ ಒಬ್ಬ ಹೆಣ್ಣುಮಗಳು ಇಷ್ಟು ಉದ್ದ ರಾಜ್ಯಭಾರ ಮಾಡಿದ ಇನ್ನೊಂದು ಉದಾಹರಣೆ ಹುಡುಕುವುದು ಕಷ್ಟ. ಪೋರ್ಚುಗೀಸರು ಅವಳನ್ನು 'ರೈನಾ ದ ಪಿಮೆಂಟಾ' ಅಂತ ಕರೆಯುತ್ತಿದ್ದರು. ಮೆಣಸಿನ ರಾಣಿ ಅನ್ನುವುದು ಅದರ ಕನ್ನಡ. ಹೊಗಳಿಕೆಯೂ ಹೌದು, ವ್ಯಾಪಾರಿಯ ಹೊಟ್ಟೆಕಿಚ್ಚೂ ಹೌದು ಅನ್ನಿಸುತ್ತದೆ ನನಗೆ. ಮೆಣಸು ಅವಳ ಕೈಯಲ್ಲಿತ್ತು, ಹಡಗು ಇವರ ಕೈಯಲ್ಲಿತ್ತು. ಜಗಳ ಆಗಲೇಬೇಕಲ್ವಾ? 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆ ಹಿಡಿದರು. ಮಾರನೇ ವರ್ಷವೇ ರಾಣಿಯ ಸೈನ್ಯ ಬಂದು ಮುತ್ತಿತು. ಕೋಟೆ ಮಾತ್ರ ವಾಪಸ್ ಸಿಗಲಿಲ್ಲ.

ಅವಳನ್ನು ಕೊನೆಗೆ ಸೋಲಿಸಿದವರು ಪೋರ್ಚುಗೀಸರಲ್ಲ, ನಿಮ್ಮ ಕಡೆಯವರೇ. ಕೆಳದಿಯ ವೆಂಕಟಪ್ಪ ನಾಯಕ ಬಿಳಗಿಯ ಅರಸರ ಜೊತೆ ಸೇರಿ ಗೇರುಸೊಪ್ಪೆ ಗೆದ್ದ. ರಾಣಿ ಇಕ್ಕೇರಿಯ ಸೆರೆಯಲ್ಲೇ ತೀರಿಕೊಂಡಳು ಅನ್ನುತ್ತಾರೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ನೀವು ಹತ್ತು ಸಲ ಹೋಗಿರಬಹುದು. ಮುಂದಿನ ಸಲ ಹೋದಾಗ ಇವಳೂ ನೆನಪಾಗಲಿ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಗೋವಾದಿಂದ ಇಕ್ಕೇರಿಗೆ ಹೊರಟ ರಾಯಭಾರಿಗಳ ಜೊತೆ ಇದೇ ಹೊಳೆಯಲ್ಲಿ ದೋಣಿ ಹತ್ತಿ ಬಂದ. ಹೊಳೆಯ ಚಂದಕ್ಕೆ ಮರುಳಾದ. ಗೇರುಸೊಪ್ಪೆಗೆ ಬಂದು ನೋಡಿದರೆ ಊರು ಹಾಳುಬಿದ್ದಿದೆ, ಅರಮನೆ ಇದ್ದ ಕಡೆ ಮರ ಬೆಳೆದಿದೆ! ರಾಣಿ ಸೋತು ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಮಲೆನಾಡಿನ ಮಳೆ, ಕಾಡು ಎಷ್ಟು ಬೇಗ ಎಲ್ಲವನ್ನೂ ನುಂಗುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪರಸ್ಥಳದ ಗಂಡಸೊಬ್ಬನನ್ನು ಪ್ರೀತಿಸಿ, ನಂಬಿ ರಾಣಿ ರಾಜ್ಯ ಕಳೆದುಕೊಂಡಳು ಅಂತಲೂ ಅವನು ಬರೆದಿದ್ದಾನೆ. ಈ ಮಾತನ್ನು ನಾನು ಅಷ್ಟು ನಂಬುವುದಿಲ್ಲ. ಅವನು ಹೊರಟಿದ್ದದ್ದು ಅವಳನ್ನು ಸೋಲಿಸಿದವರ ಮನೆಗೆ. ದಾರಿಯಲ್ಲಿ ಕಿವಿಗೆ ಬೀಳುವುದು ಗೆದ್ದವರ ಮಾತೇ ತಾನೇ? ಐವತ್ತು ವರ್ಷ ರಾಜ್ಯ ಉಳಿಸಿಕೊಂಡವಳ ಸೋಲಿಗೆ ಒಬ್ಬ ಗಂಡಸಿನ ಕತೆ ಅಂಟಿಸುವುದು ಬಹಳ ಸುಲಭ.

ಮಿರ್ಜಾನ್ ಕೋಟೆಯನ್ನು ಕಟ್ಟಿಸಿದವಳು ಇವಳೇ ಅಂತ ಎಲ್ಲ ಕಡೆ ಓದಿರುತ್ತೀರಿ. ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕ್ ಕಟ್ಟಿಸಿದ್ದು ಅನ್ನುವವರೂ ಇದ್ದಾರೆ. ಕೆಂಪು ಚಿರೆಕಲ್ಲಿನ ಒಳ್ಳೆ ಕೋಟೆ, ಸುತ್ತ ಕಂದಕ. ಆದರೆ ಅದು ಕುಮಟಾ ದಾಟಿ ಉತ್ತರಕ್ಕಿದೆ, ನಿಮ್ಮ ದಾರಿ ದಕ್ಷಿಣಕ್ಕೆ. ಒಂದೇ ದಿನದಲ್ಲಿ ಅದನ್ನೂ ತುರುಕಬೇಡಿ.

ಇಲ್ಲೇ ಹೆಸರುಗಳ ಕತೆಯನ್ನೂ ಹೇಳಿಬಿಡುತ್ತೇನೆ. ಗೇರುಸೊಪ್ಪೆ ಅಂದರೆ ಗೇರುಬೀಜದ ಸೊಪ್ಪು ಅನ್ನುತ್ತಾರೆ. ಗೋಡಂಬಿ ಮರ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಜೊತೆ. ಗೇರುಸೊಪ್ಪೆ ಅನ್ನುವ ಹೆಸರು ಅದಕ್ಕೂ ಹಳೆಯದು. ಹಾಗಾಗಿ ಗೇರು ಅಂದರೆ ಇಲ್ಲಿ ನಮ್ಮ ಕಾಡಿನ ಕರಿಗೇರು ಇರಬೇಕು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ. ಇನ್ನು ಶರಾವತಿ. ವನವಾಸದಲ್ಲಿ ಸೀತೆಗೆ ಬಾಯಾರಿತು, ರಾಮ ನೆಲಕ್ಕೆ ಬಾಣ ಹೊಡೆದ, ನೀರು ಚಿಮ್ಮಿತು. ಆ ಜಾಗ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥ. ಶರ ಅಂದರೆ ಬಾಣ, ಅಂಬು ಅಂದರೂ ಬಾಣ. ಕತೆ ಸರಿಯಾಗಿ ಕೂತಿತು. ಆದರೆ ಸಂಸ್ಕೃತದಲ್ಲಿ ಅಂಬು ಅಂದರೆ ನೀರು, ಶರ ಅಂದರೆ ಜೊಂಡು ಹುಲ್ಲು ಅಂತಲೂ ಇದೆ. ಜೊಂಡು ಬೆಳೆದ ಹೊಳೆ ಅಂದರೂ ಹೆಸರು ಹೊಂದುತ್ತದೆ. ಮಕ್ಕಳಿಗೆ ಬಾಣದ ಕತೆಯನ್ನೇ ಹೇಳಿ, ಅದೇ ಚೆನ್ನಾಗಿದೆ.

ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ರಸ್ತೆ ಹೊಳೆಯ ಜೊತೆಗೇ ಬರುತ್ತದೆ. ಅಡಿಕೆ ತೋಟ, ತೆಂಗು, ಮಧ್ಯೆ ಮಧ್ಯೆ ನೀರು. ಈ ದಡದ ಊರುಗಳಲ್ಲಿ ನಾಖುದಾ ಅನ್ನುವ ಮುಸ್ಲಿಂ ಮನೆತನಗಳಿವೆ. ನಾಖುದಾ ಅಂದರೆ ಹಡಗಿನ ಯಜಮಾನ. ಹಡಗು ಹೋಯಿತು, ಹೆಸರು ಉಳಿಯಿತು. ಅರಬ್ಬಿ ಸಮುದ್ರದ ವ್ಯಾಪಾರ ಇಲ್ಲಿಗೆ ಎಷ್ಟು ಹಳೆಯದು ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಇಬ್ನ್ ಬತೂತನನ್ನು ಕೇಳಬೇಕು.

ಮೊರಾಕ್ಕೊದ ಈ ಪ್ರವಾಸಿ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಅವನ ಬಾಯಲ್ಲಿ ಊರು 'ಹಿನಾವರ್'. ಆಗ ಇಲ್ಲಿ ಜಮಾಲುದ್ದೀನ್ ಎಂಬ ಮುಸ್ಲಿಂ ದೊರೆ ಆಳುತ್ತಿದ್ದ. ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ, ಬೇರೆಲ್ಲೂ ಇಂಥದ್ದು ಕಂಡಿಲ್ಲ ಅಂತ ಬರೆದಿದ್ದಾನೆ. ಇಲ್ಲಿನ ಹೆಂಗಸರಿಗೆ ಕುರಾನ್ ಬಾಯಿಪಾಠ ಬರುತ್ತದೆ, ಹೊಲಿದ ಬಟ್ಟೆ ತೊಡುವುದಿಲ್ಲ, ಸೀರೆಯಂಥ ಬಟ್ಟೆಯ ಒಂದು ತುದಿ ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆಯ ಮೇಲೆ ಹಾಕುತ್ತಾರೆ, ಮೂಗಿಗೆ ಚಿನ್ನದ ನತ್ತು ಅಂತಲೂ ಬರೆದ. ಸುಮಾರು 680 ವರ್ಷದ ಹಿಂದಿನ ಮಾತು ಇದು!

ನನಗೆ ಬಹಳ ಇಷ್ಟವಾದದ್ದು ಅವನು ಊಟದ ಬಗ್ಗೆ ಬರೆದ ಭಾಗ. ತಾಟಿಗೆ ಒಂದು ಸಟ್ಟುಗ ಅನ್ನ ಬಡಿಸುತ್ತಾರೆ, ಮೇಲೆ ತುಪ್ಪ. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಒಂದು ಚೂರು ಉಪ್ಪಿನಕಾಯಿ. ಅದು ಮುಗಿದ ಮೇಲೆ ಇನ್ನೊಂದು ಸಟ್ಟುಗ ಅನ್ನ ಕೋಳಿಯ ಜೊತೆ, ಆಮೇಲೆ ಮತ್ತೆ ಅನ್ನ ಮೀನಿನ ಜೊತೆ, ಆಮೇಲೆ ತರಕಾರಿಯ ಜೊತೆ. ಕೊನೆಗೆ ಮಜ್ಜಿಗೆ-ಮೊಸರು. ಓದುತ್ತಾ ಹೋದರೆ ಉತ್ತರ ಕನ್ನಡದ ಯಾವುದೋ ಮನೆಯ ಜಗಲಿಯಲ್ಲಿ ಊಟಕ್ಕೆ ಕೂತ ಹಾಗೆ ಆಗುತ್ತದೆ. ಇವತ್ತಿಗೂ ಈ ಕಡೆಯವರಿಗೆ ಮಿಡಿ ಉಪ್ಪಿನಕಾಯಿ ಇಲ್ಲದ ಊಟ ಊಟವೇ ಅಲ್ಲ, ಕೊನೆಗೆ ಮಜ್ಜಿಗೆ ಬರದೆ ಯಾರೂ ಏಳುವುದಿಲ್ಲ. ಪಾಪ, ರೊಟ್ಟಿ ತಿಂದು ಬೆಳೆದವನು, ತಿಂಗಳುಗಟ್ಟಲೆ ಬರೀ ಅನ್ನ ತಿನ್ನಬೇಕಾಯಿತು ಅಂತ ಗೊಣಗಿದ್ದಾನೆ. ಹೊನ್ನಾವರದಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನು ಮನೆಯವರಿಗೆ ಹೇಳಿ. ಅಲ್ಲೇನಿದೆ ಅಂದವರಿಗೆ ಅರ್ಧ ಉತ್ತರ ಸಿಕ್ಕಿತು.

ಊರಿನ ಮುಂದಿನ ಇತಿಹಾಸ ಹೊಡೆದಾಟದ್ದು. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡ ಇಲ್ಲಿ ಹಡಗುಗಳನ್ನು ಸುಟ್ಟ. ಹೊನ್ನಾವರದ ತಿಮ್ಮಯ್ಯ, ಅವರ ಬಾಯಲ್ಲಿ ತಿಮೋಜ, ಹಡಗುಗಳ ದಂಡು ಕಟ್ಟಿಕೊಂಡು ಕಡಲಿನಲ್ಲಿ ಮೆರೆಯುತ್ತಿದ್ದವನು. ಒಬ್ಬರಿಗೆ ಅವನು ಕಡಲುಗಳ್ಳ, ಇನ್ನೊಬ್ಬರಿಗೆ ನಾಯಕ. 1510ರಲ್ಲಿ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕನಿಗೆ "ಎಲ್ಲೆಲ್ಲೋ ಯಾಕೆ ಹೋಗ್ತೀಯಾ, ಗೋವಾ ಹಿಡಿ" ಅಂತ ದಾರಿ ತೋರಿಸಿದವನು ಇವನೇ. ಗೋವಾದ ನಾನೂರೈವತ್ತು ವರ್ಷದ ಪೋರ್ಚುಗೀಸ್ ಆಳ್ವಿಕೆಯ ಹಿಂದೆ ಹೊನ್ನಾವರದವನ ಒಂದು ಸಲಹೆ ಇದೆ ಅನ್ನುವುದು ಊರಿನವರಲ್ಲೇ ಹಲವರಿಗೆ ಗೊತ್ತಿಲ್ಲ. 17ನೇ ಶತಮಾನದ ನಡುವಿನಲ್ಲಿ ಕೆಳದಿಯವರು ಪೋರ್ಚುಗೀಸರನ್ನು ಓಡಿಸಿದರು. ಆಮೇಲೆ ಹೈದರ್, ಟಿಪ್ಪು. 1783-84ರಲ್ಲಿ ಕೋಟೆಯೊಳಗೆ ಇಂಗ್ಲಿಷರ ಕ್ಯಾಪ್ಟನ್ ಟೋರಿಯಾನೊ, ಹೊರಗೆ ಟಿಪ್ಪುವಿನ ಸೈನ್ಯ, ತಿಂಗಳುಗಟ್ಟಲೆ ಮುತ್ತಿಗೆ. 1799ರ ನಂತರ ಎಲ್ಲ ಈಸ್ಟ್ ಇಂಡಿಯಾ ಕಂಪನಿಯದು.

ಹೊನ್ನಾವರಕ್ಕೆ ಬಂದ ದಿನ ಸಂಜೆಯನ್ನು ಹೊಳೆಗೆ ಮೀಸಲಿಡಿ. ದೋಣಿ ಸವಾರಿ ಸಿಗುತ್ತದೆ. ಹೊಳೆಯ ಮಧ್ಯೆ ದ್ವೀಪಗಳಿವೆ, ಇಲ್ಲಿ ಅವಕ್ಕೆ ಕುರ್ವೆ ಅನ್ನುತ್ತಾರೆ. ಮಾವಿನಕುರ್ವೆ ಅಂಥದ್ದೊಂದು. ಜನ ಇರುವ, ತೋಟ ಇರುವ ದ್ವೀಪ. ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಅರಣ್ಯ ಇಲಾಖೆಯವರು ಮರದ ನಡೆದಾರಿ ಮಾಡಿದ್ದಾರೆ. ಕಾಂಡ್ಲಾ ಗಿಡದ ಬೇರು ಕೆಸರಿನಿಂದ ಮೇಲೆ ಎದ್ದು ನಿಂತಿರುತ್ತದೆ. ನೀರು ಇಳಿದಾಗ ಹೋದರೆ ಬೇರಿನ ಸಂದಿಯಲ್ಲಿ ಏಡಿಗಳ ಓಡಾಟ ಕಾಣುತ್ತದೆ, ನೀರು ಏರಿದಾಗ ಹೋದರೆ ಇಡೀ ಕಾಡೇ ತೇಲುತ್ತಿರುವ ಹಾಗೆ. ನನಗೆ ಇಳಿತವೇ ಇಷ್ಟ. ದೋಣಿಗೆ ಮಾತ್ರ ಉಬ್ಬರ ಬೇಕು. ಒಮ್ಮೆ ದೋಣಿಯವನ ಮಾತು ಕೇಳದೆ ಇಳಿತದ ಹೊತ್ತಿನಲ್ಲಿ ಹಠ ಮಾಡಿ ಹೊರಟು, ಮರಳು ದಿಬ್ಬಕ್ಕೆ ಸಿಕ್ಕಿ, ಮೊಣಕಾಲು ನೀರಿನಲ್ಲಿ ಇಳಿದು ದೋಣಿ ತಳ್ಳಿದ್ದೇನೆ. ಅವನು ಏನೂ ಹೇಳಲಿಲ್ಲ, ಬೀಡಿ ಹಚ್ಚಿ ನಕ್ಕ, ಅಷ್ಟೇ. ಹಾಗಾಗಿ ಮೊದಲೇ ನೀರಿನ ಹೊತ್ತು ಕೇಳಿಕೊಳ್ಳಿ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ, ಜೊತೆಗೆ ವಯಸ್ಸಾದವರೂ ಮಕ್ಕಳೂ ಇದ್ದಾರೆ.

ಪಶ್ಚಿಮಕ್ಕೆ ನೋಡಿದರೆ ಅಳಿವೆಯ ಬಾಯಲ್ಲಿ ಬಿಳಿ ನೊರೆಯ ಗೆರೆ ಕಾಣುತ್ತದೆ. ಅಲ್ಲಿ ನೀರಿನ ಕೆಳಗೆ ಮರಳು ತುಂಬಿದೆ, ಅಲೆ ಒಡೆಯುವುದು ಅದರ ಮೇಲೆ. ಮೀನುಗಾರರಿಗೆ ಇದು ಪ್ರಾಣಸಂಕಟದ ಜಾಗ. ಹೂಳು ತೆಗೆಸಿ ಅಂತ ಅವರು ಕೇಳುತ್ತಲೇ ಇರುತ್ತಾರೆ. ದೊಡ್ಡ ಹಡಗುಗಳ ಕಾಲ ಬಂದಾಗ ಹೊನ್ನಾವರ ಹಿಂದೆ ಬಿದ್ದದ್ದಕ್ಕೂ ಈ ಮರಳಿಗೂ ಸಂಬಂಧ ಇದೆ. ಹೊಳೆಯೂ ಮೊದಲಿನ ಹಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ವಿದ್ಯುತ್ತಿನ ಲೆಕ್ಕದಲ್ಲಿ ಹರಿಯುತ್ತಾಳೆ. ಬೇಸಿಗೆಯಲ್ಲೂ ವಿದ್ಯುತ್ ಮನೆಯಿಂದ ಸಿಹಿನೀರು ಬರುವುದರಿಂದ ಅಳಿವೆಯ ಉಪ್ಪು ಕಡಿಮೆಯಾಯಿತು. ಉಪ್ಪುನೀರು ಬೇಕಾದ ಚಿಪ್ಪಿ, ಬೆಳಚು ಅನ್ನುವ ತಿನ್ನುವ ಚಿಪ್ಪುಜೀವಿಗಳು ಕಡಿಮೆಯಾದವು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಬೆಳಚಿಗೆ ಬರವಿಲ್ಲ. ನಮ್ಮ ಮನೆಗಳಲ್ಲಿ ದೀಪ ಉರಿಯುವುದಕ್ಕೂ ಇಲ್ಲಿ ಚಿಪ್ಪಿ ಆರಿಸಲು ಹೋದ ಹೆಂಗಸರು ಬುಟ್ಟಿ ಖಾಲಿ ಹಿಡಿದು ಬರುವುದಕ್ಕೂ ನಂಟಿದೆ.

ಸಮುದ್ರದ ಕಡೆ ದೂರದಲ್ಲಿ ಒಂದು ಗುಡ್ಡದಂಥ ದ್ವೀಪ ಕಾಣಿಸಿದರೆ ಅದು ಬಸವರಾಜದುರ್ಗ. ಕೆಳದಿಯವರ ಕೋಟೆ. ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ಮೀನುಗಾರರ ದೋಣಿಯಲ್ಲಿ ಹೋಗಿ ಬಂದವರಿದ್ದಾರೆ. ಅಪ್ಪ-ಅಮ್ಮನ ಜೊತೆ ಹೋಗುವ ಜಾಗ ಅಲ್ಲ.

ಸೇತುವೆ ದಾಟಿದರೆ ಕಾಸರಕೋಡು. ಪಕ್ಕದಲ್ಲೇ ಕೊಂಕಣ ರೈಲ್ವೆಯ ಸೇತುವೆ, ಸುಮಾರು 2 ಕಿ.ಮೀ. ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ರೈಲು ಬರುವ ಹೊತ್ತಿಗೆ ಸರಿಯಾಗಿ ಸಿಕ್ಕರೆ ಮಕ್ಕಳಿಗೆ ಹಬ್ಬ. ಕಾಸರಕೋಡಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತಾರಾಷ್ಟ್ರೀಯ ಗುರುತು, ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಎಲ್ಲ ಇರುವುದರಿಂದ ಸಂಸಾರಸ್ಥರಿಗೆ ಅನುಕೂಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಟೊಂಕ ಅನ್ನುವ ಮೀನುಗಾರರ ಊರಿನ ಕಡೆಗೂ ಒಂದು ಹೆಜ್ಜೆ ಹೋಗಿ. ಅಲ್ಲಿ ಹೆಂಗಸರು ಮರಳಿನ ಮೇಲೆ ಮೀನು ಒಣಗಿಸುತ್ತಾರೆ. ವಾಸನೆಗೆ ಮೂಗು ಮುಚ್ಚಿಕೊಂಡು ನಿಲ್ಲಬೇಡಿ, ಅದು ಅವರ ಅನ್ನ. ನೀವು ಮಲೆನಾಡಿನಲ್ಲಿ ಮಳೆಗಾಲಕ್ಕೆ ಕೊಳ್ಳುವ ಒಣಮೀನು ಇಂಥ ಕಡೆಗಳಿಂದಲೇ ಘಟ್ಟ ಹತ್ತಿ ಬರುವುದು. ಕಡಲಾಮೆಗಳು ಮೊಟ್ಟೆ ಇಡುವ ದಂಡೆಯೂ ಇದೇ.

ಮಾರನೇ ದಿನ ಮುರ್ಡೇಶ್ವರದ ಕಡೆ ಹೊರಡುವಾಗ ಅಪ್ಸರಕೊಂಡ. ಅಪ್ಸರೆಯರು ಸ್ನಾನಕ್ಕೆ ಬರುತ್ತಿದ್ದ ಕೊಳ ಅನ್ನುವ ಕತೆ, ಪಾಂಡವರ ಗುಹೆ ಅನ್ನುವ ಗುಹೆಗಳು, ಸಣ್ಣ ಜಲಪಾತ. ಡಿಸೆಂಬರ್‌ಗೆ ನೀರು ಸಣ್ಣಗಾಗಿರುತ್ತದೆ, ಅದನ್ನೇ ನೆಚ್ಚಿಕೊಂಡು ಹೋಗಬೇಡಿ. ಗುಡ್ಡದ ಮೇಲೆ ನಿಂತು ಕಡಲು ನೋಡುವುದಕ್ಕೆ ಹೋಗಿ.

ಅಮ್ಮನಿಗೆ ಬೇಕಾಗುವುದು ಇಡಗುಂಜಿ. ಇಲ್ಲಿನ ಗಣಪತಿ ಕೂತಿಲ್ಲ, ನಿಂತಿದ್ದಾನೆ. ನಾಲ್ಕಲ್ಲ, ಎರಡೇ ಕೈ. ಒಂದರಲ್ಲಿ ಮೋದಕ, ಇನ್ನೊಂದರಲ್ಲಿ ತಾವರೆ. ವಾಲಖಿಲ್ಯ ಋಷಿಗಳ ಯಾಗಕ್ಕೆ ಮೇಲಿಂದ ಮೇಲೆ ವಿಘ್ನ ಬಂದಾಗ ನಾರದ ಗಣಪತಿಯನ್ನು ಕರೆಸಿ ಇಲ್ಲಿ ನೆಲೆ ನಿಲ್ಲಿಸಿದ ಅನ್ನುವುದು ಸ್ಥಳದ ಕತೆ. ಊರಿನ ಹೆಸರಿಗೆ ಹೊಳೆಯ ಎಡದಂಡೆಯ ಕುಂಜ, ಅಂದರೆ ತೋಪು, ಅಂತ ಅರ್ಥ ಹೇಳುತ್ತಾರೆ. ಶರಾವತಿ ಪಶ್ಚಿಮಕ್ಕೆ ಹರಿಯುತ್ತಾಳೆ, ಇಡಗುಂಜಿ ಅವಳ ದಕ್ಷಿಣಕ್ಕೆ. ಎಡದಂಡೆ ಸರಿಯಾಯಿತು ನೋಡಿ. ಪ್ರಸಾದದ ಪಂಚಕಜ್ಜಾಯ ಮರೆಯಬೇಡಿ.

ಯಕ್ಷಗಾನ ಇಷ್ಟಪಡುವವರು ಮನೆಯಲ್ಲಿದ್ದರೆ ಗುಣವಂತೆಯ ಹೆಸರು ಅವರಿಗೆ ಗೊತ್ತಿರುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ ಅದು. ಅವರ ಮಗ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯ ತೇರಿನ ಸಮಯದಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಈ ಸೀಮೆಯ ಹಳಬರು ಇವತ್ತಿಗೂ ಅದನ್ನು ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ನೀವಿರುವ ದಿನ ಎಲ್ಲಾದರೂ ಆಟ ಇದೆಯೇ ಅಂತ ವಿಚಾರಿಸಿ ನೋಡಿ.

ಗುಣವಂತೆಯಲ್ಲಿ ಶಂಭುಲಿಂಗೇಶ್ವರನ ಗುಡಿಯೂ ಇದೆ. ಮುರ್ಡೇಶ್ವರದ ದೊಡ್ಡ ಶಿವನನ್ನು ನೋಡುವ ಮೊದಲು ಇಲ್ಲಿ ಹತ್ತು ನಿಮಿಷ ನಿಲ್ಲಿಸಿ. ರಾವಣ ತಂದ ಆತ್ಮಲಿಂಗವನ್ನು ಗಣಪತಿ ಗೋಕರ್ಣದಲ್ಲಿ ನೆಲಕ್ಕಿಟ್ಟ, ಅದು ಮೇಲೇಳಲಿಲ್ಲ. ಸಿಟ್ಟಿಗೆದ್ದ ರಾವಣ ಲಿಂಗದ ಮೇಲಿದ್ದದ್ದನ್ನೆಲ್ಲ ಕಿತ್ತು ಎಸೆದ. ಲಿಂಗ ಇಟ್ಟಿದ್ದ ಸಂಪುಟ, ಅಂದರೆ ಪೆಟ್ಟಿಗೆ, ಕಾರವಾರದ ಸಜ್ಜೇಶ್ವರಕ್ಕೆ ಬಿತ್ತು, ದಾರ ಧಾರೇಶ್ವರಕ್ಕೆ, ಹೊದಿಸಿದ ಬಟ್ಟೆ ಮುರ್ಡೇಶ್ವರಕ್ಕೆ. ಸಂಪುಟದ ಮುಚ್ಚಳ ಬಂದು ಬಿದ್ದದ್ದು ಈ ಗುಣವಂತೆಗೆ. ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ಕೆಳಗೆ ನಿಂತಾಗ, ಬಟ್ಟೆ ಇಲ್ಲಿ ಬಿದ್ದಿದ್ದಾದರೆ ಮುಚ್ಚಳ ಎಲ್ಲಿ ಅಂತ ಮಕ್ಕಳನ್ನು ಕೇಳಿ. ಬೆಳಿಗ್ಗೆ ನೋಡಿ ಬಂದಿರುತ್ತಾರೆ, ಉತ್ತರ ಅವರ ಬಳಿ ಇರುತ್ತದೆ.